ಗದಗದಿಂದ ವೆಲ್ಲಿಂಗ್ಟನ್‌ಗೆ ಸಂಸಾರ: ಮೊದಲು ಯಾವ ಕೆಲಸ, ಆಮೇಲೆ ಯಾವುದು?

ಕೇಳಿದವರು: ರೋಣ ತಾಲ್ಲೂಕಿನ ಸೈನಿಕರ ಮನೆಯವರು

ಎಲ್ಲಾರಿಗೂ ನಮಸ್ಕಾರ್ರೀ. ನಮ್ಮ ಮನಿಯವರು ಮದ್ರಾಸ್ ರೆಜಿಮೆಂಟಿನಾಗ ಹವಲ್ದಾರ್ ಅದಾರ. ಇಷ್ಟು ದಿನ ಕಾಶ್ಮೀರದ ಕಡೆ ಫೀಲ್ಡ್ ಇತ್ತು, ಅಲ್ಲಿಗೆ ಫ್ಯಾಮಿಲಿ ಕರ್ಕೊಂಡು ಹೋಗಾಕ ಬರ್ತಿರಲಿಲ್ಲ. ನಾನು, ಮಕ್ಕಳು, ಅತ್ತಿಯವರು ಊರಾಗ ಇದ್ವಿ. ಈಗ ನೀಲಗಿರಿಯ ವೆಲ್ಲಿಂಗ್ಟನ್‌ದಾಗಿನ ರೆಜಿಮೆಂಟಿನ ಟ್ರೇನಿಂಗ್ ಸೆಂಟರಿಗೆ ಪೋಸ್ಟಿಂಗ್ ಬಂದೈತಿ, ಎಲ್ಲಾರೂ ಕೂಡಿ ಹೋಗೋಣ ಅಂತಾರ. ಮಗಳು ನಾಲ್ಕನೇತ್ತೆ ಮುಗಿಸ್ಯಾಳ, ಕನ್ನಡ ಮೀಡಿಯಂ. ಮಗಗ ಎರಡು ವರ್ಷ. ಅತ್ತಿಯವರಿಗೆ ಮೊಣಕಾಲು ನೋವು, ಥಂಡಿ ಅಂದ್ರ ಆಗಿ ಬರೂದಿಲ್ಲ. ನನಗ ತಮಿಳು ಒಂದಕ್ಷರ ಬರೂದಿಲ್ಲ, ಹಿಂದಿನೂ ಅಷ್ಟಕ್ಕಷ್ಟ. ಕ್ವಾರ್ಟರ್ಸ್ ಸಿಗೂದು ತಡ ಆಗಬಹುದು ಅಂತ ಕೇಳೀನಿ. ಅಲ್ಲಿ ಇರೋರು, ಇದ್ದು ಬಂದೋರು, ಮೊದಲ ಏನು ಮಾಡಬೇಕು, ಏನು ತರಬೇಕು, ಸಾಲಿ ಹೆಂಗ ಅಂತ ಸ್ವಲ್ಪ ಬಿಡಿಸಿ ಹೇಳ್ರಿ.

ವೆಲ್ಲಿಂಗ್ಟನ್ ಕ್ವಾರ್ಟರ್ಸ್‌ನಿಂದ, ಹಾಸನದ ಕಡೆಯವರು

ತಂಗೀ, ಸಾಮಾನು ಕಟ್ಟೋದು ಆಮೇಲೆ, ಮೊದಲು ಕಾಗದಪತ್ರ ನೋಡ್ಕೊಳ್ಳಿ. ನಿಮ್ಮ ಮದುವೆ, ಇಬ್ಬರು ಮಕ್ಕಳ ಹುಟ್ಟು, ಎಲ್ಲ ಪಾರ್ಟ್ ಟು ಆರ್ಡರ್‌ನಲ್ಲಿ, ಅಂದ್ರೆ ಸೈನಿಕರ ಮನೆಯ ವಿವರ ದಾಖಲಿಸೋ ಸೇನೆಯ ಆದೇಶದಲ್ಲಿ, ಬಂದಿದೆಯಾ ಅಂತ ಯಜಮಾನರ ಹತ್ತಿರ ಕೇಳಿ. ಮಗ ಹುಟ್ಟಿದಾಗ ಅವರು ಫೀಲ್ಡಲ್ಲಿ ಇದ್ದಿರಬಹುದು, ಚಿಕ್ಕವನ ಹೆಸರು ಇನ್ನೂ ಸೇರದೇ ಇರೋದು ತುಂಬ ಮನೆಗಳಲ್ಲಿ ಆಗುತ್ತೆ. ಸೇನೆಯ ಲೆಕ್ಕದಲ್ಲಿ ಆ ಆರ್ಡರ್ ಬರೋವರೆಗೆ ಮಗು ಇಲ್ಲ ಅಂತಲೇ ಅರ್ಥ. ಮಿಲಿಟರಿ ಆಸ್ಪತ್ರೆಗೆ ಹೋದರೆ ಡಿಪೆಂಡೆಂಟ್ ಕಾರ್ಡ್ ಕೇಳ್ತಾರೆ, ಕಾರ್ಡ್ ಮಾಡಿಸಲು ಹೋದರೆ ಪಾರ್ಟ್ ಟು ಕೇಳ್ತಾರೆ, ಶಾಲೆಯ ಭತ್ಯೆಗೂ ಅದೇ. ಅತ್ತೆಯವರ ಹೆಸರೂ ಅವಲಂಬಿತರ ಪಟ್ಟಿಯಲ್ಲಿ ಇರಬೇಕು. ಅದಕ್ಕೆ ವರಮಾನದ ಮಿತಿ ಇದೆ, ತಹಶೀಲ್ದಾರರ ಕಚೇರಿಯ ಆದಾಯ ಪ್ರಮಾಣಪತ್ರವನ್ನು ಊರಲ್ಲಿ ಇರುವಾಗಲೇ ಮಾಡಿಸ್ಕೊಳ್ಳಿ, ಇಲ್ಲಿಂದ ಅದಕ್ಕಾಗಿ ವಾಪಸ್ ಓಡಾಡೋದು ಕಷ್ಟ.

ಹೆಸರಿನ ಸ್ಪೆಲ್ಲಿಂಗ್ ಒಂದನ್ನು ಕೂತು ನೋಡಿ. ನಿಮ್ಮ ಕಡೆ ಆಧಾರ್‌ನಲ್ಲಿ ಶಾಂತವ್ವ, ಶಾಲೆ ಸರ್ಟಿಫಿಕೇಟ್‌ನಲ್ಲಿ ಶಾಂತಾ, ಮದುವೆ ನೋಂದಣಿಯಲ್ಲಿ ಶಾಂತಮ್ಮ ಅಂತ ಇರುತ್ತೆ. ಊರಲ್ಲಿ ಯಾರೂ ಕೇಳಲ್ಲ, ಇಲ್ಲಿ ಕೌಂಟರ್‌ನಲ್ಲಿ ಮೂವರು ಬೇರೆ ಬೇರೆ ಹೆಂಗಸರಾಗಿಬಿಡ್ತಾರೆ. ಎಲ್ಲ ಕಡೆ ಒಂದೇ ಹೆಸರು ಮಾಡಿಸಿ, ಅಫಿಡವಿಟ್ ಬೇಕಾದರೆ ರೋಣದಲ್ಲೇ ಮಾಡಿಸಿ. ಒಂದು ಅನುಕೂಲ ಏನಂದ್ರೆ ಮದ್ರಾಸ್ ರೆಜಿಮೆಂಟಿನ ರೆಕಾರ್ಡ್ಸ್ ಆಫೀಸ್ ವೆಲ್ಲಿಂಗ್ಟನ್‌ನಲ್ಲೇ ಇದೆ. ಬೇರೆ ಕಡೆಯವರು ಪತ್ರ ಬರೆದು ತಿಂಗಳುಗಟ್ಟಲೆ ಕಾಯೋದನ್ನು ನಿಮ್ಮ ಯಜಮಾನರು ನಡೆದು ಹೋಗಿ ವಿಚಾರಿಸಬಹುದು.

ಕ್ವಾರ್ಟರ್ಸ್ ವಿಷಯ. ಯಜಮಾನರು ಬಂದು ರಿಪೋರ್ಟ್ ಮಾಡಿ ಅರ್ಜಿ ಕೊಟ್ಟ ಮೇಲೇ ಪಟ್ಟಿಯಲ್ಲಿ ಹೆಸರು ಏರೋದು. ಆದ್ದರಿಂದ ಅವರು ಮೊದಲು ಒಬ್ಬರೇ ಬರಲಿ, ಹೆಸರು ಹಾಕಲಿ, ಸರದಿ ಎಷ್ಟನೆಯದು ಅಂತ ತಿಳ್ಕೊಳ್ಳಲಿ. ಖಾಲಿ ಇಲ್ಲ ಅಂದ್ರೆ ಅದನ್ನು ಬರಹದಲ್ಲಿ ತಗೋಬೇಕು, ಹೊರಗೆ ಬಾಡಿಗೆಗೆ ಇದ್ದಷ್ಟು ದಿನ ಮನೆ ಬಾಡಿಗೆ ಭತ್ಯೆ ಬರೋದು ಅದರ ಮೇಲೆ. ಕೂನೂರಿನ ಕಡೆ ಬಾಡಿಗೆ ಮನೆ ನೋಡುವಾಗ ಏಪ್ರಿಲ್, ಮೇ ಬಿಟ್ಟು ನೋಡಿ, ಸೀಸನ್‌ನಲ್ಲಿ ಮನೆಗಳೆಲ್ಲ ಪ್ರವಾಸಿಗರಿಗೆ ಹೋಗ್ತವೆ. ಮನೆ ನೋಡಲು ಹೋದವರು ಬಣ್ಣ ನೋಡಬೇಡಿ, ಬೀರು ಇಡೋ ಗೋಡೆಗೆ ಅಂಗೈ ಇಟ್ಟು ನೋಡಿ. ಹಸಿ ತಗುಲಿದರೆ ಬೇಡ. ಮಳೆಗಾಲದಲ್ಲಿ ಆ ಗೋಡೆಗೆ ಹಾಸಿಗೆ ತಾಗಿಸಿ ಮಲಗಿದ ಮಗುವಿಗೆ ಕೆಮ್ಮು ಬಿಡೋದೇ ಇಲ್ಲ.

ಕ್ವಾರ್ಟರ್ಸ್ ಸಿಕ್ಕ ದಿನ ಮಾರ್ಚಿಂಗ್ ಇನ್ ಅಂತ ಮಾಡ್ತಾರೆ. ಎಂಇಎಸ್, ಅಂದ್ರೆ ಸೇನೆಯ ಕಟ್ಟಡ, ನೀರು, ಕರೆಂಟ್ ನೋಡ್ಕೊಳ್ಳೋ ವಿಭಾಗದವರು, ಪಟ್ಟಿ ಹಿಡ್ಕೊಂಡು ಬರ್ತಾರೆ, ಇಷ್ಟು ಬಾಗಿಲು, ಇಷ್ಟು ನಲ್ಲಿ, ಇಷ್ಟು ಬಲ್ಬ್ ಹೋಲ್ಡರ್ ಅಂತ. ಯಜಮಾನರು ಡ್ಯೂಟಿ ಅವಸರದಲ್ಲಿ ಸಹಿ ಹಾಕಿ ಹೋಗ್ತಾರೆ, ಅದಕ್ಕೇ ನೀವೂ ಜೊತೆಗೆ ನಿಂತ್ಕೊಳ್ಳಿ. ಪ್ರತಿ ನಲ್ಲಿ ಬಿಟ್ಟು ನೋಡಿ, ಗೀಸರ್ ಹಾಕಿ ನೀರು ಬಿಸಿ ಆಗೋವರೆಗೆ ಕಾಯಿರಿ, ಕಿಟಕಿ ಚಿಲಕ ಹಾಕಿ ತೆಗೆದು ನೋಡಿ, ಒಡೆದ ಗಾಜು, ಬಿರುಕು ಬಿಟ್ಟ ವಾಶ್ ಬೇಸಿನ್ ಇದ್ದರೆ ಫೋಟೋ ತೆಗೆದು ಪಟ್ಟಿಯಲ್ಲೇ ಬರೆಸಿ. ಬರೆಸದೇ ಬಿಟ್ಟದ್ದನ್ನು ಮನೆ ಖಾಲಿ ಮಾಡೋ ದಿನ ನೀವೇ ಒಡೆದದ್ದು ಅಂತ ಲೆಕ್ಕ ಹಾಕಿ ಹಣ ಹಿಡೀತಾರೆ. ಆಮೇಲೆ ನೀರು, ಕರೆಂಟ್ ದೂರು ಏನಿದ್ದರೂ ಎಂಇಎಸ್ ಕಂಪ್ಲೇಂಟ್ ಪುಸ್ತಕದಲ್ಲಿ ಬರೆದು ನಂಬರ್ ತಗೊಳ್ಳಿ, ಬಾಯಲ್ಲಿ ಹೇಳಿದ್ದು ನಿಲ್ಲಲ್ಲ.

ಗ್ಯಾಸ್ ಸಿಲಿಂಡರ್ ಹೊತ್ಕೊಂಡು ಬರಬೇಡಿ. ಊರ ಏಜೆನ್ಸಿಗೆ ಸಿಲಿಂಡರ್, ರೆಗ್ಯುಲೇಟರ್ ವಾಪಸ್ ಕೊಟ್ಟು ಟ್ರಾನ್ಸ್‌ಫರ್ ವೌಚರ್ ತಗೊಂಡು ಬನ್ನಿ, ಇಲ್ಲಿ ಅದರ ಮೇಲೆ ಹೊಸದಾಗಿ ಕೊಡ್ತಾರೆ. ಚಿಕ್ಕವನ ಲಸಿಕೆಯ ತಾಯಿ ಕಾರ್ಡ್ ಕೈಚೀಲದಲ್ಲೇ ಇರಲಿ, ಲಾರಿಗೆ ಹಾಕಬೇಡಿ.

ಬಂದ ವಾರದಲ್ಲೇ ಅಕ್ಕಪಕ್ಕದ ಮನೆ ಬಾಗಿಲು ತಟ್ಟಿ, ನಾವು ಹೊಸಬರು, ಗದಗದವರು ಅಂತ ಹೇಳ್ಕೊಳ್ಳಿ. ಇಲ್ಲಿ ಕನ್ನಡದ ಮನೆ ಯಾವುದು, ಯಾರ ಹತ್ತಿರ ಪುಟ್ಟ ಮಕ್ಕಳ ಸ್ವೆಟರ್ ಇದೆ, ನೀರು ಯಾವ ಹೊತ್ತಿಗೆ ಬರುತ್ತೆ, ಯಾವ ಡಾಕ್ಟರ್ ಮಕ್ಕಳನ್ನು ಚೆನ್ನಾಗಿ ನೋಡ್ತಾರೆ, ಇದೆಲ್ಲ ಯಾವ ಆಫೀಸಲ್ಲೂ ಬರೆದಿಟ್ಟಿಲ್ಲ, ಹೆಂಗಸರ ಬಾಯಲ್ಲೇ ಇರೋದು. ನಾಚಿಕೆಯಿಂದ ಬಾಗಿಲು ಹಾಕ್ಕೊಂಡು ಕೂತ ಹುಡುಗೀರು ತಿಂಗಳಾನುಗಟ್ಟಲೆ ಒಬ್ಬರೇ ಅಳ್ತಾರೆ. ನೀವು ಹಾಗೆ ಇರಬೇಡಿ, ನಮ್ಮ ಮನೆಗೇ ಬನ್ನಿ.

ಗೂಡಲೂರಿನಿಂದ, ಲಾರಿ ಇಟ್ಟುಕೊಂಡವರು

ದಾರಿ ವಿಷಯ ನಾನು ಹೇಳ್ತೀನಿ ಅಕ್ಕ. ಗುಂಡ್ಲುಪೇಟೆ ದಾಟಿದ ಮೇಲೆ ಬಂಡೀಪುರ ಕಾಡು, ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಗೇಟ್ ಹಾಕಿರ್ತಾರೆ, 2009ರಿಂದ ಇದೆ ಈ ನಿಯಮ. ಮಿಲಿಟರಿ ಸಾಮಾನು, ಮೂವ್‌ಮೆಂಟ್ ಆರ್ಡರ್ ಇದೆ ಅಂದರೂ ಬಾಡಿಗೆ ಲಾರಿಯನ್ನು ಬಿಡಲ್ಲ. ತೆಪ್ಪಕಾಡಿನಲ್ಲಿ ದಾರಿ ಎರಡಾಗುತ್ತೆ. ಎಡಕ್ಕೆ ಹೋದರೆ ಮಸಿನಗುಡಿ, ಕಲ್ಲಟ್ಟಿ ಘಟ್ಟ, 36 ತಿರುವು. ಹತ್ತಿರ ನಿಜ, ಆದರೆ ತುಂಬಿದ ಲಾರಿಗೆ ಅದು ದಾರಿಯೇ ಅಲ್ಲ. ಗೂಡಲೂರು ಮೇಲೆ ಬಂದು ಊಟಿ, ಅಲ್ಲಿಂದ ಕೂನೂರು ರಸ್ತೆಗೆ ಇಳಿದರೆ ವೆಲ್ಲಿಂಗ್ಟನ್. ಚಾಮರಾಜನಗರ, ದಿಂಬಂ ಮೇಲೆ ಹೋಗೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ, ಅಲ್ಲಿ 27 ತಿರುವು, ರಾತ್ರಿ ನಿರ್ಬಂಧ ಅಲ್ಲಿಯೂ ಇದೆ, ಇಳಿದ ಮೇಲೆ ಮತ್ತೆ ಮೇಟ್ಟುಪಾಳ್ಯಂನಿಂದ ಘಟ್ಟ ಹತ್ತಬೇಕು.

ಇ-ಪಾಸ್ ಮರೆಯಬೇಡಿ. ಮದ್ರಾಸ್ ಹೈಕೋರ್ಟ್ ಆದೇಶದ ಮೇಲೆ 2024ರ ಮೇ 7ರಿಂದ ನೀಲಗಿರಿಗೆ ಬರೋ ಹೊರಗಿನ ಗಾಡಿಗಳಿಗೆಲ್ಲ ಬೇಕು, ಸರ್ಕಾರಿ ಬಸ್ಸಿಗೆ ಬೇಡ. ಆನ್‌ಲೈನ್, ದುಡ್ಡು ಇಲ್ಲ. ಇನ್ನೊಂದು, ಪ್ಲಾಸ್ಟಿಕ್ ಕವರ್, ಸಣ್ಣ ನೀರಿನ ಬಾಟಲಿ ಇಲ್ಲಿ ನಿಷೇಧ. ಗಡಿ ಚೆಕ್‌ಪೋಸ್ಟಿನಲ್ಲಿ ತೆಗೆಸ್ತಾರೆ. ಸಾಮಾನನ್ನು ಗೋಣಿಚೀಲ, ರಟ್ಟಿನ ಡಬ್ಬ, ಹಳೇ ಸೀರೆಯಲ್ಲಿ ಕಟ್ಟಿ. ನೀರಿಗೆ ಸ್ಟೀಲ್ ಬಾಟಲಿ.

ಸ್ಕೂಟರ್ ತರೋದಿದ್ದರೆ, ಬೇರೆ ರಾಜ್ಯದಲ್ಲಿ 12 ತಿಂಗಳು ದಾಟಿ ಇಟ್ಕೊಂಡರೆ ನೋಂದಣಿ ಬದಲಿಸಬೇಕು, ಗದಗ ಆರ್‌ಟಿಒದಿಂದ ಎನ್‌ಒಸಿ ತಂದಿರಿ. ಹೊಸದು ತಗೊಳ್ಳೋ ಯೋಚನೆ ಇದ್ದರೆ ಬಿಎಚ್ ಸೀರೀಸ್ ಕೇಳಿ, ಸೇನೆಯವರಿಗೆ ಅದು ಸಿಗುತ್ತೆ, ಪ್ರತಿ ಪೋಸ್ಟಿಂಗ್‌ಗೂ ನಂಬರ್ ಬದಲಿಸೋ ತಾಪತ್ರಯ ಇರಲ್ಲ.

ಕೂನೂರಿನಲ್ಲಿ ಶಿಕ್ಷಕಿ, ಚಾಮರಾಜನಗರದವರು

ನಿಮ್ಮ ಪ್ರಶ್ನೆಯಲ್ಲಿ ನನ್ನ ಮನಸ್ಸು ನಿಂತಿದ್ದು ನಾಲ್ಕನೇ ತರಗತಿ, ಕನ್ನಡ ಮಾಧ್ಯಮ ಅನ್ನುವ ಕಡೆ. ಐದಕ್ಕೆ ಸೇರುವ ಮಗು, ಓದುವುದು ಚೆನ್ನಾಗಿ ಬರುತ್ತದೆ, ಇಲ್ಲಿ ಬಂದ ಕೂಡಲೇ ಏನೂ ಬರದವಳಂತೆ ಕೂರಬೇಕಾಗುತ್ತದೆ. ಅದನ್ನು ದೊಡ್ಡವರು ಮೊದಲೇ ಅರಿತುಕೊಂಡಿದ್ದರೆ ಮಗುವಿಗೆ ಅರ್ಧ ಭಾರ ಕಡಿಮೆ.

ಕೆಲಸದ ಮಾತು ಮೊದಲು. ಅರವಂಕಾಡಿನಲ್ಲಿ ಕೇಂದ್ರೀಯ ವಿದ್ಯಾಲಯ ಇದೆ, ವೆಲ್ಲಿಂಗ್ಟನ್‌ಗೆ ಹತ್ತಿರ. ಎರಡರಿಂದ ಎಂಟನೇ ತರಗತಿವರೆಗೆ ಪ್ರವೇಶ ಪರೀಕ್ಷೆ ಇಲ್ಲ, ಸೀಟು ಖಾಲಿ ಇದ್ದರೆ ಆದ್ಯತೆಯ ಮೇಲೆ ಕೊಡುತ್ತಾರೆ. ಸೇನೆಯವರ ಮಕ್ಕಳು ಮೊದಲ ಆದ್ಯತೆಯ ಗುಂಪಿನಲ್ಲಿ ಬರುತ್ತಾರೆ, ಅದರೊಳಗೆ ಕಳೆದ 7 ವರ್ಷಗಳಲ್ಲಿ ಎಷ್ಟು ವರ್ಗಾವಣೆ ಆಗಿದೆ ಎನ್ನುವುದನ್ನು ಲೆಕ್ಕ ಹಾಕುತ್ತಾರೆ. ಹಾಗಾಗಿ ನಿಮ್ಮ ಯಜಮಾನರು ಯೂನಿಟ್‌ನಿಂದ ವರ್ಗಾವಣೆಗಳ ಪ್ರಮಾಣಪತ್ರ ಮಾಡಿಸಿಕೊಂಡೇ ಬರಬೇಕು. ಅವರ ವರ್ಷ ಏಪ್ರಿಲ್‌ನಲ್ಲಿ ಶುರುವಾಗುತ್ತದೆ, ಜೂನ್‌ವರೆಗೆ ಕಾದು ಬಂದರೆ ಪಾಠ ಮುಂದೆ ಹೋಗಿರುತ್ತದೆ. ಯಜಮಾನರು ಒಬ್ಬರೇ ಮೊದಲು ಬಂದರೂ ಶಾಲೆಯಲ್ಲಿ ವಿಚಾರಿಸುವ ಕೆಲಸ ಅದೇ ವಾರ ಆಗಲಿ.

ಊರಿನ ಶಾಲೆಯಿಂದ ಟಿಸಿ ತೆಗೆದುಕೊಳ್ಳುವಾಗ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಹಾಕಿಸಿ, ರಾಜ್ಯ ದಾಟುವಾಗ ಅದನ್ನು ಕೇಳುವುದು ರೂಢಿ. ಟಿಸಿಯಲ್ಲಿ ಮಗುವಿನ ಪೆನ್ ನಂಬರ್ (ವಿದ್ಯಾರ್ಥಿಯ ಶಾಶ್ವತ ಗುರುತು ಸಂಖ್ಯೆ) ಇರಲಿ, ಮತ್ತು ಶಾಲಾ ಮಕ್ಕಳ ದಾಖಲೆ ಇಡುವ ಯುಡೈಸ್ ತಂತ್ರಾಂಶದಲ್ಲಿ ಊರಿನ ಶಾಲೆಯವರು ಮಗುವನ್ನು ಬಿಡುಗಡೆ ಮಾಡಿದ್ದಾರೆಯೇ ಎಂದು ಮುಖ್ಯೋಪಾಧ್ಯಾಯರ ಎದುರಿಗೇ ಕೇಳಿ ನೋಡಿಕೊಳ್ಳಿ. ಕಾಗದದ ಟಿಸಿ ಕೈಯಲ್ಲಿದ್ದು ಕಂಪ್ಯೂಟರ್‌ನಲ್ಲಿ ಮಗು ಇನ್ನೂ ಹಳೆಯ ಶಾಲೆಯಲ್ಲೇ ಇದ್ದರೆ ಇಲ್ಲಿ ದಾಖಲಿಸಿಕೊಳ್ಳಲು ಆಗುವುದಿಲ್ಲ, ಆಗ ಇಲ್ಲಿಂದ ಫೋನ್ ಮಾಡುತ್ತ ಕೂರಬೇಕು.

ಓದಿನ ಖರ್ಚಿಗೆ ಮಕ್ಕಳ ಶಿಕ್ಷಣ ಭತ್ಯೆ ಇದೆ. 2024ರ ಜನವರಿಯಿಂದ ಮಗುವಿಗೆ ತಿಂಗಳಿಗೆ 2,812 ರೂಪಾಯಿ 50 ಪೈಸೆ, ಮೊದಲ ಇಬ್ಬರು ಮಕ್ಕಳಿಗೆ. ವರ್ಷ ಮುಗಿದ ಮೇಲೆ ಶಾಲೆಯ ಪ್ರಮಾಣಪತ್ರ ಕೊಟ್ಟು ಪಡೆಯಬೇಕು.

ಈಗ ಮಗುವಿನ ಮಾತು. ಬರುವ ಮೊದಲು ಸಿಗುವ ವಾರಗಳಲ್ಲಿ ಇಂಗ್ಲಿಷ್ ವ್ಯಾಕರಣ ಉರು ಹೊಡೆಸಬೇಡಿ. ತರಗತಿಯಲ್ಲಿ ದಿನಾ ಕೇಳುವ ಮಾತು ಕಲಿಸಿ: ನೀರು ಕುಡಿದು ಬರಲೇ, ನನಗೆ ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ, ಹೊಟ್ಟೆ ನೋಯುತ್ತಿದೆ. ಇವಿಷ್ಟನ್ನು ಇಂಗ್ಲಿಷ್‌ನಲ್ಲಿಯೂ ಹಿಂದಿಯಲ್ಲಿಯೂ ಹೇಳಲು ಬಂದರೆ ಮೊದಲ ತಿಂಗಳು ದಾಟುತ್ತದೆ. ಗಣಿತದಲ್ಲಿ ಲೆಕ್ಕ ಬರುತ್ತದೆ, ಪದ ಬರುವುದಿಲ್ಲ. ಕೂಡಿಸು, ಕಳೆ, ಶೇಷ, ಭಾಗಲಬ್ಧ, ಭಿನ್ನರಾಶಿ, ಇವುಗಳ ಇಂಗ್ಲಿಷ್ ಹೆಸರನ್ನು ಒಂದು ಹಾಳೆಯಲ್ಲಿ ಬರೆದು ಪುಸ್ತಕದೊಳಗೆ ಇಟ್ಟುಕೊಟ್ಟರೆ ಗಣಿತದ ತರಗತಿಯಲ್ಲಾದರೂ ಅವಳು ತಲೆ ಎತ್ತಿ ಕೂರುತ್ತಾಳೆ. ಹೊಸದಾಗಿ ಬಂದ ಮಗುವಿಗೆ ಒಂದು ವಿಷಯದಲ್ಲಿ ಧೈರ್ಯ ಬಂದರೆ ಉಳಿದವು ಹಿಂದೆಯೇ ಬರುತ್ತವೆ, ಇದನ್ನು ನಾನು ಎಷ್ಟೋ ಮಕ್ಕಳಲ್ಲಿ ನೋಡಿದ್ದೇನೆ. ಶಾಲೆಯಲ್ಲಿ ಕನ್ನಡ ಸಿಗುವುದಿಲ್ಲ. ಊರಿನ ಐದನೇ ತರಗತಿಯ ಕನ್ನಡ ಪುಸ್ತಕ ತನ್ನಿ, ರಾತ್ರಿ ಅಜ್ಜಿಗೆ ಓದಿ ಹೇಳಲಿ. ಇಬ್ಬರಿಗೂ ಒಳ್ಳೆಯದು.

ಕೋಟಗಿರಿ ರಸ್ತೆಯಿಂದ, ನಿವೃತ್ತ ಸುಬೇದಾರ್

ಅಮ್ಮಾ, ನಾನು ಅದೇ ರೆಜಿಮೆಂಟಿನವನು. ಸೆಂಟರ್ 1947ರಿಂದ ವೆಲ್ಲಿಂಗ್ಟನ್‌ನಲ್ಲಿದೆ, ಶ್ರೀನಾಗೇಶ್ ಬ್ಯಾರಕ್ಸ್. ತಮಿಳು, ಮಲಯಾಳ, ತೆಲುಗು, ಕನ್ನಡ, ನಾಲ್ಕೂ ಕಡೆಯ ಹುಡುಗರು ಬರುತ್ತಾರೆ. ಹಾಗಾಗಿ ಕನ್ನಡದವರು ಎಂದು ಅಲ್ಲಿ ಯಾರೂ ಬೇರೆಯಾಗಿ ನೋಡುವುದಿಲ್ಲ, ಫ್ಯಾಮಿಲಿ ಲೈನ್‌ನಲ್ಲಿ ಎಲ್ಲರದೂ ಬೆರಕೆ ಮಾತು.

ಎಲ್ಲರೂ ಮನೆ, ಶಾಲೆ, ದಾರಿ ಹೇಳಿದ್ದಾರೆ. ನಾನು ಹೇಳುವುದು ಬೇರೆ. ನಿಮ್ಮವರು ಫೀಲ್ಡ್‌ನಿಂದ ಬರುತ್ತಿದ್ದಾರೆ. ಸೆಂಟರ್‌ನಲ್ಲಿ ಉಸ್ತಾದ್, ಅಂದರೆ ಹೊಸ ಸಿಪಾಯಿಗಳಿಗೆ ತರಬೇತಿ ಕೊಡುವವನು, ಆದವನಿಗೆ ಬೆಳಕು ಹರಿಯುವ ಮೊದಲೇ ಪಿಟಿ, ಆಮೇಲೆ ಡ್ರಿಲ್, ಫೈರಿಂಗ್, ರಾತ್ರಿ ರಿಕ್ರೂಟ್‌ಗಳ ಬ್ಯಾರಕ್‌ನಲ್ಲಿ ರೋಲ್ ಕಾಲ್. ಪೀಸ್ ಪೋಸ್ಟಿಂಗ್ (ಸಂಸಾರ ಜೊತೆಗೆ ಇಟ್ಟುಕೊಳ್ಳಬಹುದಾದ ಶಾಂತಿಯ ಜಾಗ), ಇನ್ನು ಮನೆಯಲ್ಲೇ ಇರುತ್ತಾರೆ ಎಂದುಕೊಂಡು ಬಂದ ಹೆಣ್ಣುಮಕ್ಕಳಿಗೆ ಮೊದಲ ತಿಂಗಳು ಬಹಳ ಬೇಸರ ಆಗುತ್ತದೆ. ಅವರ ಸಮಯ ಅವರ ಕೈಯಲ್ಲಿ ಇರುವುದಿಲ್ಲ. ಶಾಲೆ, ಆಸ್ಪತ್ರೆ ಓಡಾಟವನ್ನು ನೀವೇ ಮಾಡಬೇಕು ಎಂದು ಲೆಕ್ಕ ಇಟ್ಟುಕೊಂಡು ಬನ್ನಿ.

ಎರಡು ವರ್ಷದ ಮಗು ಅಪ್ಪನನ್ನು ರಜೆಯಲ್ಲಿ ಮಾತ್ರ ನೋಡಿದೆ. ಹತ್ತಿರ ಬರುವುದಿಲ್ಲ, ಎತ್ತಿಕೊಂಡರೆ ಅಳುತ್ತದೆ. ಗುಂಡಿನ ಸದ್ದಿಗೆ ಹೆದರದ ಸಿಪಾಯಿ ಇದಕ್ಕೆ ಒಳಗೊಳಗೇ ನೊಂದುಕೊಳ್ಳುತ್ತಾನೆ, ಬಾಯಿಬಿಟ್ಟು ಹೇಳುವುದಿಲ್ಲ. ದಿನದಲ್ಲಿ ಒಂದು ಕೆಲಸ, ಸ್ನಾನವೋ ಊಟವೋ, ಅಪ್ಪನೇ ಮಾಡಿಸುವಂತೆ ಬಿಡಿ, ನೀವು ಆ ಹೊತ್ತಿಗೆ ಪಕ್ಕದಲ್ಲಿ ಇರಬೇಡಿ. ಇಷ್ಟು ವರ್ಷ ಮನೆ ನಡೆಸಿದವರು ನೀವು, ಮಗಳನ್ನು ಬೈಯುವುದು, ದುಡ್ಡು ಎಣಿಸುವುದು ಎಲ್ಲ ನಿಮ್ಮ ಕೈಯಲ್ಲಿ ಇತ್ತು. ಈಗ ಒಂದೇ ಸೂರಿನಡಿ ಇಬ್ಬರು ಯಜಮಾನರು. ಮಾತುಕತೆ ಆಗುತ್ತದೆ, ಜಗಳವೂ ಆಗುತ್ತದೆ, ಪ್ರತಿ ಫೌಜಿ ಮನೆಯಲ್ಲೂ ಆಗುವುದೇ. ತಿಂಗಳು ಕಳೆದರೂ ಇಳಿಯದಿದ್ದರೆ, ಅಥವಾ ಅವರಿಗೆ ರಾತ್ರಿ ನಿದ್ದೆ ಬಾರದೆ ಎದ್ದು ಕೂರುತ್ತಿದ್ದರೆ ಮುಚ್ಚಿಡಬೇಡಿ. ಕಂಪನಿಯ ಸೀನಿಯರ್ ಜೆಸಿಒ (ಸುಬೇದಾರ್ ದರ್ಜೆಯ) ಸಾಹೇಬರ ಮನೆಯವರಿಗೆ ಹೇಳಿ, ಆಸ್ಪತ್ರೆಯಲ್ಲಿ ತೋರಿಸಿ. ಸೇನೆಯಲ್ಲಿ ಆವಾ ಎಂದು ಹೆಂಗಸರ ಕ್ಷೇಮಾಭಿವೃದ್ಧಿ ಸಂಘ 1966ರಿಂದ ಇದೆ, ಅದರ ವೆಲ್ಫೇರ್ ಮೀಟಿಂಗ್‌ಗೆ ತಪ್ಪದೆ ಹೋಗಿ. ಭಾಷೆ ಬಾರದಿದ್ದರೂ ಕೂತು ಬನ್ನಿ, ಮುಖ ಪರಿಚಯ ಆಗುತ್ತದೆ.

ದುಡ್ಡಿನ ಎರಡು ಮಾತು. ಫೀಲ್ಡ್ ಭತ್ಯೆ ಪೀಸ್‌ಗೆ ಬಂದ ಮೇಲೆ ನಿಂತುಹೋಗುತ್ತದೆ, ಕೈಗೆ ಬರುವ ಸಂಬಳ ಇಳಿಯುತ್ತದೆ. ಊರಿನಲ್ಲಿ ಸಾಲದ ಕಂತು ಇದ್ದರೆ ಈಗಲೇ ಲೆಕ್ಕ ಹಾಕಿ. ಸಾಮಾನು ಸಾಗಿಸಿದ ಬಿಲ್, ನಿಮ್ಮೆಲ್ಲರ ಟಿಕೆಟ್ ಜೋಪಾನವಾಗಿ ಇಟ್ಟು ಟಿಎ (ಪ್ರಯಾಣ ಭತ್ಯೆ) ಕ್ಲೇಮ್ ಬೇಗ ಹಾಕಿಸಿ. ಮೂಲ ವೇತನದ ಶೇ 80ರಷ್ಟು ವರ್ಗಾವಣೆ ಅನುದಾನವೂ ಬರುತ್ತದೆ, ಬಹಳ ಹುಡುಗರು ಅಡ್ವಾನ್ಸ್ ತೆಗೆದುಕೊಳ್ಳಬಹುದು ಎನ್ನುವುದನ್ನೇ ಕೇಳುವುದಿಲ್ಲ.

ಜಗತಳದ ಕಡೆಯ ಬಡಗರ ಮನೆಯಿಂದ

ಅಕ್ಕಾ, ನಾನು ಮೈಸೂರಿನಲ್ಲಿ ಓದಿದವಳು, ಅದಕ್ಕೆ ಕನ್ನಡ ಬರೆಯಲು ಬರುತ್ತೆ. ನಮ್ಮ ಹಟ್ಟಿ ಕಂಟೋನ್ಮೆಂಟಿಗೆ ಹತ್ತಿರ. ಭಾಷೆಗೆ ನೀವು ಇಷ್ಟು ಹೆದರೋದು ಬೇಡ. ನಾವು ಮನೆಯಲ್ಲಿ ಆಡೋ ಬಡಗ ಮಾತು ಕನ್ನಡಕ್ಕೆ ತುಂಬ ಹತ್ತಿರ. ನೀವು ನಿಧಾನವಾಗಿ ಕನ್ನಡ ಆಡಿದರೆ ನಮ್ಮ ಹಟ್ಟಿಯ ಅಜ್ಜಿಯರಿಗೆ ಅರ್ಥ ಆಗುತ್ತೆ, ಅವರು ಆಡಿದ್ದು ನಿಮಗೂ ಮುಕ್ಕಾಲು ತಿಳಿಯುತ್ತೆ. ತರಕಾರಿ ಮಾರೋರಲ್ಲಿ ನಮ್ಮವರು ತುಂಬ ಜನ ಇರ್ತಾರೆ. ಅಂಗಡಿಗೆ ಬೇಕಾದಷ್ಟು ತಮಿಳು ನಿಮಗೆ ದೀಪಾವಳಿ ಹೊತ್ತಿಗೆ ಬಂದಿರುತ್ತೆ. ಕ್ಯಾರೆಟ್, ಬೀಟ್‌ರೂಟ್, ಕೋಸು, ಬೀನ್ಸ್ ತಾಜಾ ಸಿಗುತ್ತೆ, ಕೂನೂರಿನ ಉಳವರ್ ಸಂತೈಗೆ, ಅಂದ್ರೆ ರೈತರ ಸಂತೆಗೆ, ಬೆಳಗ್ಗೆ ಬೇಗ ಹೋಗಿ.

ಪ್ರಾಣಿಗಳ ವಿಷಯ ಯಾರೂ ಹೇಳಲಿಲ್ಲ. ಇಲ್ಲಿ ಕಾಟಿ, ಅಂದ್ರೆ ಕಾಡುಕೋಣ, ರಸ್ತೆಗೆ, ಮನೆ ಅಂಗಳಕ್ಕೇ ಬರುತ್ತೆ. ಹಸುವಿನ ಹಾಗೆ ಸುಮ್ಮನೆ ಮೇಯ್ತಾ ಇರುತ್ತೆ, ಹೊಸಬರು ಮೊಬೈಲ್ ಹಿಡಿದು ಹತ್ತಿರ ಹೋಗ್ತಾರೆ. ಹೋಗಬಾರದು. ಅದು ತಲೆ ತಗ್ಗಿಸಿ ಬುಸುಗುಟ್ಟಿದರೆ ಓಡಲು ಸಮಯ ಇರಲ್ಲ. ಎದುರಾದರೆ ನಿಂತಲ್ಲಿಂದ ಮೆಲ್ಲಗೆ ಹಿಂದೆ ಸರಿದು ದಾರಿ ಬಿಡಿ, ಕೂಗಬೇಡಿ, ಕಲ್ಲು ಎಸೆಯಬೇಡಿ. ಚಹಾ ತೋಟದ ಗಿಡಗಳ ಮಧ್ಯೆ ಮಲಗಿರುತ್ತೆ, ಕಾಣಿಸೋದೇ ಇಲ್ಲ, ಆದ್ದರಿಂದ ತೋಟದ ಒಳದಾರಿಯಲ್ಲಿ ಮಕ್ಕಳನ್ನು ಬಿಡಬೇಡಿ. ಕರಡಿ ರಾತ್ರಿ ಬರುತ್ತೆ, ಅದಕ್ಕೆ ಎಣ್ಣೆ, ತುಪ್ಪದ ವಾಸನೆ ಹತ್ತಿರ ಕರೀತದೆ. ಅಡುಗೆಮನೆ ಬಾಗಿಲು ಗಟ್ಟಿ ಹಾಕಿ, ಊಟದ ಕಸ ರಾತ್ರಿ ಹೊರಗೆ ಇಡಬೇಡಿ. ಸಂಜೆ ಕತ್ತಲಾದ ಮೇಲೆ ಚಿಕ್ಕ ಮಗು ಒಂಟಿಯಾಗಿ ಅಂಗಳದಲ್ಲಿ ಇರೋದು ಬೇಡ, ಚಿರತೆ ನಾಯಿ ಹಿಡಿಯಲು ಬರೋದುಂಟು.

ಮಳೆ ನಿಮ್ಮ ಊರಿನ ಲೆಕ್ಕದಲ್ಲಿ ಬರಲ್ಲ. ಕೂನೂರಿಗೆ ದೊಡ್ಡ ಮಳೆ ಅಕ್ಟೋಬರ್, ನವೆಂಬರ್‌ನಲ್ಲಿ. ಆಗ ಮೇಟ್ಟುಪಾಳ್ಯಂ ಘಟ್ಟದಲ್ಲಿ ಗುಡ್ಡ ಜರಿದು ರಸ್ತೆ ಕಟ್ಟುತ್ತೆ, ಬೆಟ್ಟದ ರೈಲೂ ನಿಲ್ಲುತ್ತೆ. ಊರಿಗೆ ಹೋಗಿ ಬರೋದನ್ನು ಆ ತಿಂಗಳು ಇಟ್ಕೋಬೇಡಿ. ಡಿಸೆಂಬರ್, ಜನವರಿಯಲ್ಲಿ ನಮ್ಮ ಹೆತ್ತೆ ಹಬ್ಬ, ಬಿಳಿ ಬಟ್ಟೆ ಉಟ್ಟು ಹಟ್ಟಿ ಹಟ್ಟಿಯಿಂದ ಬರ್ತಾರೆ, ಆಗ ಮಕ್ಕಳನ್ನು ಕರ್ಕೊಂಡು ಬನ್ನಿ.

ಕ್ಯಾಂಪಿನವರು, ಊರಿನವರು ಅಂತ ಇಲ್ಲಿ ಬೇಲಿ ಇಲ್ಲ. 2021ರ ಡಿಸೆಂಬರ್ 8ರಂದು ಜನರಲ್ ಬಿಪಿನ್ ರಾವತ್ ಅವರಿದ್ದ ಹೆಲಿಕಾಪ್ಟರ್ ನಂಜಪ್ಪಸತ್ರದ ಹತ್ತಿರ ಬಿತ್ತು. ಅಲ್ಲಿನ ಕೂಲಿ ಜನ ಮನೆಯ ಕಂಬಳಿಗಳನ್ನೇ ತಂದುಕೊಟ್ಟರು, ಕೊಡದಲ್ಲಿ ನೀರು ಹೊತ್ತು ಓಡಿದರು. ನಿಮ್ಮಂಥ ಮನೆಯವರು ಬಂದರೆ ನಮಗೂ ನಮ್ಮವರು ಬಂದ ಹಾಗೆ.

ಬಾಗಲಕೋಟೆಯಿಂದ, ಅಲ್ಲಿ ಇದ್ದು ಬಂದವರು

ಎಲ್ಲಾರೂ ಹೇಳ್ಯಾರವಾ, ಊಟದ ಮಾತು ಯಾರೂ ಎತ್ತಿಲ್ಲ. ಅತ್ತಿಯವರಿಗೆ ರೊಟ್ಟಿ ಇಲ್ಲಾಂದ್ರ ಆಗೂದಿಲ್ಲ, ಹೌದಲ್ಲೋ? ಮಿಲಿಟರಿ ಕ್ಯಾಂಟೀನ್ ಅಂಗಡ್ಯಾಗ ಜೋಳ ಸಿಗೂದಿಲ್ಲ, ಪ್ಯಾಟ್ಯಾಗೂ ಹುಡುಕಬೇಕು. ಊರಿಂದ ತರ್ರಿ, ಆದ್ರ ಹಿಟ್ಟು ಮಾಡಿಸ್ಕೊಂಡು ತರಬ್ಯಾಡ್ರಿ. ಅಲ್ಲಿಯ ಹಸಿ ಹವಾಕ್ಕ ಜೋಳದ ಹಿಟ್ಟು ಮುಗ್ಗಲು ವಾಸನಿ ಹಿಡೀತೈತಿ, ಜಿಗಿ ಹೋಗಿ ರೊಟ್ಟಿ ಬಡಿಯಾಕ ಬರೂದಿಲ್ಲ, ಅಂಚು ಹರೀತೈತಿ. ಕಾಳು ತಂದು ಬಿಸಲಿಗೆ ಹಾಕಿ ಸ್ಟೀಲ್ ಡಬ್ಬ್ಯಾಗ ಇಡ್ರಿ, ಬೇಕಾದಷ್ಟ ಬೀಸಿಸ್ರಿ. ರಾಗಿ ಬೀಸೋ ಗಿರಣ್ಯಾಗ ಕೇಳಿದ್ರ ಬೀಸಿ ಕೊಡ್ತಾರ. ಖಡಕ್ ರೊಟ್ಟಿ ಒಯ್ದರ ಗಾಳಿ ಆಡದ ಡಬ್ಬಿ ಬೇಕ, ಇಲ್ಲಾಂದ್ರ ಎರಡ ದಿನದಾಗ ಮೆತ್ತಗಾಗತಾವ. ಹಂಚಿನ ಮ್ಯಾಲೆ ಮತ್ತ ಬಿಸಿ ಮಾಡಿದ್ರ ಖಡಕ್ ಆಗತಾವ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಬೇಕಾದಷ್ಟು ಒಯ್ರಿ, ಅವು ಕೆಡೂದಿಲ್ಲ.

ಆರು ಸಾವಿರ ಅಡಿ ಎತ್ತರ ಐತಿ, ನೀರು ಬ್ಯಾಗ ಕುದ್ದಂಗ ಕಾಣತೈತಿ, ಬ್ಯಾಳಿ ಮಾತ್ರ ಬೇಯೂದಿಲ್ಲ. ಕುಕ್ಕರ್ ಇಲ್ದ ನಡೀದು, ಸೀಟಿನೂ ಎರಡು ಹೆಚ್ಚ ಕೂಗಿಸ್ರಿ. ಮೊಸರು ಹೆಪ್ಪಾಗಾಕ ಪಾತ್ರಿಗೆ ಉಣ್ಣಿ ಶಾಲು ಸುತ್ತಿ ಒಲಿ ಬಾಜೂಕ ಇಡ್ರಿ.

ಅತ್ತಿಯವರ ಬಗ್ಗೆ ಒಂದ ಮಾತು. ಸಾಧ್ಯ ಆದ್ರ ಬ್ಯಾಸಿಗಿ ಮುಗಿಯೂ ಮೊದಲ ಕರ್ಕೊಂಡು ಹೋಗ್ರಿ, ಥಂಡಿ ನಿಧಾನಕ ಮೈಗೆ ಹತ್ತತೈತಿ. ಒಮ್ಮಿಗೇ ಡಿಸೆಂಬರ್‌ದಾಗ ಒಯ್ದರ ಮೊಣಕಾಲು ಹಿಡ್ಕೊಂಡು ಬಿಡತಾವ. ಉಣ್ಣಿ ಸಾಕ್ಸ್, ಬಿಸಿನೀರಿನ ಚೀಲ, ಕೂಡಾಕ ಒಂದು ಕುರ್ಚಿ. ಅಲ್ಲಿ ಎಲ್ಲಾ ಕಡೆ ಮೆಟ್ಟಲ, ಪಾಚಿ ಹಿಡಿದು ಜಾರತಾವ, ಚಪ್ಪಲಿ ಹಾಕಿ ಹೊರಗ ಬಿಡಬ್ಯಾಡ್ರಿ, ಹಿಡಿತ ಇರೋ ಬೂಟು ಕೊಡಸ್ರಿ. ಮತ್ತ ಇದನ್ನ ಮಾತ್ರ ನನ್ನ ತಂಗಿಗೆ ಹೇಳಿದಂಗ ಹೇಳ್ತೀನಿ: ಥಂಡಿ ಅಂತ ಬಾಗಲಾ ಕಿಟಕಿ ಮುಚ್ಚಿ ಇದ್ದಲಿ ಶೆಗಡಿ ಹಚ್ಚಿಟ್ಟು ಮಲಗಬ್ಯಾಡ್ರಿ. ಅದರ ವಿಷಗಾಳಿಗೆ ವಾಸನಿ ಇಲ್ಲ, ಬಣ್ಣ ಇಲ್ಲ. ಮಲಗಿದವರು ಏಳೂದಿಲ್ಲ. ಆ ಬೆಟ್ಟದಾಗ ಹಂಗ ಜೀವ ಹೋಗ್ಯಾವ. ಕರೆಂಟ್ ಹೀಟರ್ ಹಚ್ಚಿ ಕ್ವಾಣಿ ಬಿಸಿ ಮಾಡಿ, ಆರಿಸಿ ಮಲಗ್ರಿ.

ಸ್ಟಾಫ್ ಕಾಲೇಜಿನ ಕಡೆಯಿಂದ, ಮೈಸೂರಿನವರು

ನಾವು ಇಲ್ಲಿನ ಸ್ಟಾಫ್ ಕಾಲೇಜಿನಲ್ಲಿ ಸೇನಾ ಅಧಿಕಾರಿಗಳ ಕೋರ್ಸಿಗೆ ಬಂದವರು, ವರ್ಷ ತುಂಬುವುದರೊಳಗೆ ಹೊರಡುತ್ತೇವೆ, ಮನೆಯೂ ಮೊದಲೇ ಗೊತ್ತಾಗಿರುತ್ತದೆ. ನಿಮ್ಮ ಕಷ್ಟದ ಮುಂದೆ ನಮ್ಮದು ಸಣ್ಣದು. ನಾನು ಬರೆಯುತ್ತಿರುವುದು ಇಲ್ಲಿ ಮೊದಲಿಂದ ಇರುವ ನಮ್ಮಂಥವರಿಗೆ. ಹೊಸ ಮನೆಯವರು ಬಂದಿಳಿದ ದಿನ ಏನಾದರೂ ಬೇಕಾದರೆ ಹೇಳಿ ಎಂದರೆ ಯಾರೂ ಹೇಳುವುದಿಲ್ಲ. ಕೇಳದೆ ಕೊಡಬೇಕು. ಒಂದು ಫ್ಲಾಸ್ಕ್ ಬಿಸಿ ಹಾಲು, ರಾತ್ರಿಯ ಅನ್ನ ಸಾರು, ಎರಡು ಹೆಚ್ಚುವರಿ ರಜಾಯಿ, ಮಾರನೆ ಬೆಳಗ್ಗೆ ಶಾಲೆಗೋ ಆಸ್ಪತ್ರೆಗೋ ಜೊತೆಗೆ ಹೋಗುವ ಒಬ್ಬರು. ಲಾರಿ ಬರುವುದು ತಡವಾದರೆ ಆ ರಾತ್ರಿ ಹಾಸಿಗೆಯೇ ಇರುವುದಿಲ್ಲ, ಎರಡು ವರ್ಷದ ಮಗು ಬರಿ ನೆಲದಲ್ಲಿ ಮಲಗುವ ಚಳಿಯಲ್ಲ ಇದು. ಇವರು ಬರುವ ದಿನ ತಿಳಿಸಿದರೆ ರಜಾಯಿ ನನ್ನ ಜವಾಬ್ದಾರಿ.

ಕೇಳಿದವರಿಂದ

ಓದ್ಕೋತ ಓದ್ಕೋತ ಕಣ್ಣಾಗ ನೀರು ಬಂದ್ವು. ಮನಿಯವರಿಗೆ ಫೋನ್ ಮಾಡಿ ಕೇಳಿದೆ, ಮಗನ ಹೆಸರು ಪಾರ್ಟ್ ಟುನಾಗ ಇನ್ನೂ ಬಂದಿಲ್ಲಂತ, ಹುಟ್ಟಿದ ಸರ್ಟಿಫಿಕೇಟ್ ಇವತ್ತ ಕಳಿಸೀನಿ. ಸಾಲ್ಯಾಗ ಹೆಡ್ ಮಾಸ್ತರ್ರು ಟಿಸಿ ಬರದು ಕೊಡ್ತೀನಂದಾರ, ಬಿಇಒ ಆಫೀಸಿಗೆ ಸೋಮವಾರ ಹೋಗ್ತೀನಿ. ಅವರು ಮೊದಲ ಹೋಗಿ ಹೆಸರು ಹಚ್ಚತಾರ, ನಾವು ಆಮ್ಯಾಲ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್‌ಗೆ ಮೈಸೂರು ತನಕ ಬಂದು ಬಸ್ ಹಿಡೀತೀವಿ. ಗೂಡಲೂರಿನ ಅಣ್ಣಾರ, ಲಾರಿ ಗದಗದಿಂದ ಯಾವಾಗ ಬಿಡಿಸಿದ್ರ ಗೇಟ್‌ನಾಗ ಸಿಕ್ಕೊಳ್ಳೂದಿಲ್ಲ?

ಗೂಡಲೂರಿನಿಂದ

ಅಕ್ಕ, ನಡುಮಧ್ಯಾಹ್ನದ ಮೇಲೆ ಬಿಡಿಸಿ, ರಾತ್ರಿಯೆಲ್ಲ ಓಡಿಸಿ ಬೆಳಗಿನ ಜಾವಕ್ಕೆ ಗುಂಡ್ಲುಪೇಟೆ ಮುಟ್ಟಲಿ. ಅಲ್ಲಿ ಡ್ರೈವರ್ ಮುಖ ತೊಳೆದು ಚಹಾ ಕುಡಿಯೋದ್ರೊಳಗೆ 6 ಆಗುತ್ತೆ, ಗೇಟ್ ತೆಗೀತಾರೆ. ಮೊದಲ ಸಾಲಿನಲ್ಲೇ ದಾಟಿದರೆ ಊಟಿ ಪೇಟೆಯ ಗದ್ದಲ ಶುರುವಾಗೋ ಮೊದಲು ಮೇಲೆ ಬರಬಹುದು. ಹಗಲಲ್ಲೇ ಸಾಮಾನು ಇಳಿಸಬೇಕು, ಸಂಜೆ ಮಂಜು ಮುಚ್ಚಿದರೆ ಕ್ವಾರ್ಟರ್ಸ್‌ನ ಇಳಿಜಾರಿನಲ್ಲಿ ಲಾರಿ ಹಿಂದಕ್ಕೆ ತಗೊಳ್ಳೋದು ಕಷ್ಟ. ಡ್ರೈವರ್‌ಗೆ ಘಟ್ಟದ ಅಭ್ಯಾಸ ಇಲ್ಲದಿದ್ದರೆ ಗೂಡಲೂರಿನಿಂದ ನಮ್ಮ ಹುಡುಗ ಒಬ್ಬ ಜೊತೆಗೆ ಕೂರ್ತಾನೆ, ಹಿಂದಿನ ದಿನ ಇಲ್ಲೇ ಬರೆದು ತಿಳಿಸಿ.